ವಿಲ್ಮರ್ ಉಡಿಸಿದ ಮುಂಡು

ದೋಹಾ, 18-4-1996

ಪ್ರೀತಿಯ ತಮ್ಮ ಹಿಲರಿಗೆ ಅಕ್ಕನ ಆಶೀರ್ವಾದ.

ಸಿಂಗಾಪುರ, ಜಾವಾದ ಪುರಾತನ ದೇವಸ್ಥಾನ, ಬಾಲಿಯ ಕಡಲು ಎಲ್ಲ ನೋಡಿ ನಿನ್ನೆ ಮರಳಿದೆವು. ಕಡಲು ನಮ್ಮ ಮಲ್ಪೆಗಿಂತ ಹೆಚ್ಚೇನಿಲ್ಲ. ನೀನು ಮಗಳು ಲವಿನಾಳಿಗೆ ನೋಡಿರುವ, ಇಲ್ಲೇ ಕತಾರಿನ ಮೆಸಯೀದಿನಲ್ಲಿ ಕೆಲಸಕ್ಕಿರುವ ಹುಡುಗ ವಿಲ್ಮರ್‌ನನ್ನು ಪರೀಕ್ಷಿಸಲೆಂದೇ ಜೊತೆಗೆ ಕರೆದೊಯ್ದಿದ್ದೆ. ಆರು ದಿನ ಅವನಲ್ಲಿ ವಿಶೇಷವೇನೂ ಕಾಣಲಿಲ್ಲ, ಬೇಡವೆಂದೇ ಬರೆಯುವವಳಿದ್ದೆ.

ಬಾಲಿಯಲ್ಲಿ ಗಂಡಸರು ಮುಂಡು ಸುತ್ತದೆ ದೇವಸ್ಥಾನದೊಳಗೆ ಹೋಗುವಂತಿಲ್ಲ. ನನ್ನ ಮಗ ರೊನಾಲ್ಡ್ ಚಡ್ಡಿಯ ಮೇಲೆ ಸುತ್ತಿಕೊಂಡದ್ದು ಮೆಟ್ಟಿಲಲ್ಲೇ ಬಿಚ್ಚಿ ಬಿತ್ತು. ನಮ್ಮ ಪ್ರವಾಸದ ಬಸ್ಸಿನವರೆಲ್ಲ ನಕ್ಕರು, ಅವನ ಹೆಂಡತಿಯೂ ನಕ್ಕಳು. ವಿಲ್ಮರ್ ನಗಲಿಲ್ಲ. ಮೊಣಕಾಲೂರಿ ಬಿಗಿಯಾಗಿ ಉಡಿಸಿ, "ಖಲಾಸ್, ಇನ್ನು ಓಡಿದ್ರೂ ಜಾರುದಿಲ್ಲ" ಎಂದ.

"ನಿನಗೆ ಯಾರು ಕಲಿಸಿದ್ದು ಮಾರಾಯಾ?" ಎಂದೆ.

"ಅಪ್ಪನಿಗೆ ಒಂದು ಕೈ ಆಡುದಿಲ್ಲ ಆಂಟಿ. ಊರಿಗೆ ಹೋದಾಗ ನಾನೇ ಉಡಿಸುದು."

ನನಗೆ ಅಷ್ಟು ಸಾಕು. ಹುಡುಗ ಆಗಬಹುದು.

ನನ್ನ ಮಂಡಿನೋವು ಕಡಿಮೆ. ಮೆಟ್ಟಿಲೆಲ್ಲ ಯಾರ ಕೈಯನ್ನೂ ಹಿಡಿಯದೆ ಹತ್ತಿದೆ. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು. ಲವಿನಾ ಒಪ್ಪಿದರೆ ಇಗರ್ಜಿಯಲ್ಲಿ ಮದುವೆಯ ದಿನ ಗೊತ್ತುಮಾಡು. ಒಪ್ಪದಿದ್ದರೆ ಕಾರಣವನ್ನು ಅವಳೇ ನನಗೆ ಬರೆಯಲಿ, ನಿನ್ನ ಕೈಯಲ್ಲಿ ಬರೆಸುವುದು ಬೇಡ.

ಅಕ್ಕ ಬರ್ನಡೆಟ್