ಸೂಜಿಗೆ ದಾರ ಪೋಣಿಸುವಷ್ಟು ಹೊತ್ತು

ದೊಡ್ಡಪ್ಪಾ,

ಮೊದಲು ಹೊಲಿಗೆ ಯಂತ್ರದಿಂದ ಕಾಲು ತೆಗೆಯಿರಿ. ಇದನ್ನು ಓದುತ್ತಾ ಹೊಲಿದರೆ ಯಾರದೋ ಅಂಗಿ ಹಾಳಾದೀತು, ಆ ಪಾಪವೂ ನನ್ನ ತಲೆಗೇ ಬಂದೀತು. ಒಂದು ಪಾಪ ಈಗಾಗಲೇ ಮಾಡಿದ್ದೇನೆ. ಎದುರು ನಿಂತು ಹೇಳುವ ಧೈರ್ಯ, ನೀವು ಮೌನಿ ಎಂದೇ ಕರೆಯುವ ನನಗೆ ಯಾವತ್ತು ಇತ್ತು? ಅದಕ್ಕೇ ಈ ಪತ್ರ.

ಶಾಲೆ ಬಿಟ್ಟ ಮೇಲೆ ನಿಮ್ಮ ಅಂಗಡಿಯ ಬಟ್ಟೆಚೂರುಗಳ ರಾಶಿಯ ಮೇಲೆ ಕೂತು ನಾನು ರೇಡಿಯೋ ಕೇಳುತ್ತಿದ್ದೆ. ಬಟ್ಟೆ ಕತ್ತರಿಸಲು ನೀವು ವಾರ್ತೆಗೇ ಕಾಯುತ್ತಿದ್ದಿರಿ. “ಅವರು ನೇರ ಓದ್ತಾರೆ, ನನ್ನ ಕತ್ತರಿನೂ ನೇರ ಹೋಗುತ್ತೆ.” ಗುಂಡಿ ಹಚ್ಚುವುದು ಮಾತ್ರ ಹಾಡುಗಳ ಹೊತ್ತಿಗೆ. ಆ ಕಾರ್ಯಕ್ರಮದ ಹೆಂಗಸು ಹಾಡಿನ ಹೆಸರು ಹೇಳಿ ಕೊಂಚ ಸುಮ್ಮನಾಗುತ್ತಿದ್ದರು. ಹಾಡು ಶುರುವಾಗುವಷ್ಟರಲ್ಲಿ ನೀವು ದಾರದ ತುದಿಯನ್ನು ನಾಲಿಗೆಗೆ ತಾಕಿಸಿ ಸೂಜಿಗೆ ಪೋಣಿಸಿ ಆಗಿರುತ್ತಿತ್ತು. “ಆಯಮ್ಮ ನನಗೋಸ್ಕರಾನೇ ನಿಲ್ಲಿಸ್ತಾಳೆ ಕಣೇ,” ಎಂದು ನೀವು ಬೀಗಿದರೆ ದೊಡ್ಡಮ್ಮ ಒಳಗಿನಿಂದ, “ಹೌದೌದು, ನಿಮ್ಮ ಮುಖ ನೋಡಿಯೇ ಮಾತು ನಿಲ್ಲೋದು,” ಅನ್ನುತ್ತಿದ್ದರು.

ಆಮೇಲೆ ರೇಡಿಯೋದಲ್ಲಿ ಹೊಸ ನಿರೂಪಕರು ಬಂದರು. “ಇವರು ಉಸಿರಾಡಿದ್ರೆ ಸಂಬಳ ಹಿಡೀತಾರೇನು?” ಎಂದು ನೀವು ರೇಡಿಯೋ ಆರಿಸಿಬಿಟ್ಟಿರಿ. ಅಂಗಡಿಯ ಇಬ್ಬರು ಕೆಲಸಗಾರರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಅಳತೆ ಟೇಪು ಕೊಡಿ ಎಂದು ಮೂರು ಸಲ ಕೂಗಿ, ಕಡೆಗೆ ನೀವೇ ಎದ್ದು ತೆಗೆದುಕೊಳ್ಳುವುದನ್ನು ನೋಡಿದ್ದೇನೆ.

ರೇಡಿಯೋ ಕೇಂದ್ರದಲ್ಲಿ ನನಗೆ ಬರೆಯುವ ಕೆಲಸ ಸಿಕ್ಕಿದೆ ಎಂದು ಹೇಳಿದ್ದೆನಲ್ಲ, ಅದು ನಿಜವೇ. ಆದರೆ ಹೋದ ತಿಂಗಳು ಹನ್ನೊಂದು ಗಂಟೆಯ ನಿರೂಪಕಿ ಕೆಲಸ ಬಿಟ್ಟಳು. ಮೇಲಿನವರು ನನಗೊಂದು ಹೊಸ ಹೆಸರಿಟ್ಟು ಮೈಕಿನ ಮುಂದೆ ಕೂರಿಸಿದರು. “ಮಾತು ನಿಂತರೆ ಜನ ಬೇರೆ ಕಡೆ ತಿರುಗಿಸ್ತಾರೆ. ಓಡಮ್ಮಾ, ನಗಮ್ಮಾ,” ಅಂದರು. ನಾನು ಓಡಿದೆ, ನಕ್ಕೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೋದ ಮಂಗಳವಾರ ಕೇಳುಗರ ಫೋನು ಬಡಿಯಿತು. ಎತ್ತಿಕೊಂಡು “ಹಲೋ” ಅಂದೆ, ಆ ಕಡೆ ನೀವು!

“ಹನ್ನೊಂದು ಗಂಟೆಗೆ ಬರ್ತಾಳಲ್ಲ, ಯಾರ್ರೀ ಆ ಹುಡುಗಿ? ನಾಯಿ ಅಟ್ಟಿಸಿಕೊಂಡು ಬಂದಂಗೆ ಓಡ್ತಾಳೆ. ಇದ್ದಕ್ಕಿದ್ದಂಗೆ ನಗ್ತಾಳೆ ಬೇರೆ! ಬೆಚ್ಚಿಬಿದ್ದು ಅಂಗಿಯ ಎಡತೋಳನ್ನ ಬಲಕ್ಕೆ ಕೂರಿಸಿಬಿಟ್ಟೆ!”

ನನ್ನ ದನಿ ನಿಮಗೆ ಗೊತ್ತಾಗಲಿಲ್ಲ. ಹೇಗೆ ಗೊತ್ತಾದೀತು, ಮನೆಯಲ್ಲಿ ಅದನ್ನು ಕೇಳಿದವರಾರು? ನಗು ತಡೆಯುತ್ತಿದ್ದೆ. ಅಷ್ಟರಲ್ಲಿ ನಿಮ್ಮ ದನಿ ತಗ್ಗಿತು.

“ನಮ್ಮ ಮಗು ಅಲ್ಲೇ ಬರೆಯೋ ಕೆಲಸದಲ್ಲಿದೆ. ಅದಕ್ಕೇ ಮತ್ತೆ ರೇಡಿಯೋ ಹಚ್ಚಿದ್ದು. ಯಾವುದು ಅವಳು ಬರೆದಿದ್ದು ಅಂತ ಹುಡುಕ್ತಾ ಇದೀನಿ, ಸಿಕ್ತಾ ಇಲ್ಲ. ಆ ಹುಡುಗಿಗೆ ಸ್ವಲ್ಪ ನಿಧಾನ ಓದೋಕೆ ಹೇಳಿ. ನಮ್ಮವಳು ಮೆಲ್ಲಗೆ ಯೋಚಿಸೋಳು.”

“ಹೇಳ್ತೀನಿ ಸಾರ್,” ಅಂದೆ.

ಮರುದಿನ ಹಾಡಿನ ಹೆಸರು ಹೇಳಿ, ಮನಸ್ಸಿನಲ್ಲಿ ನಾಲ್ಕರವರೆಗೆ ಎಣಿಸಿದೆ. ಸ್ಟುಡಿಯೋ ಗಾಜಿನಾಚೆ ಗಲಿಬಿಲಿ! ಎಂಜಿನಿಯರ್ ವೈರುಗಳನ್ನೆಲ್ಲ ಹಿಡಿದು ಅಲ್ಲಾಡಿಸಿದರು. ಮೇಲಿನವರು ಓಡಿ ಬಂದು, “ಏನಾಯ್ತು, ತಲೆ ಸುತ್ತಿತಾ?” ಅಂದರು. ಆಗ, ದೊಡ್ಡಪ್ಪಾ, ನಾನು ಮಾತಾಡಿದೆ. ನಿಮ್ಮ ಸೂಜಿಯ ವಿಷಯ ಪೂರ್ತಿ ಹೇಳಿದೆ, ಒಂದು ಸಲವೂ ನೆಲ ನೋಡದೆ. ಅವರು ತಲೆ ಕೆರೆದುಕೊಂಡು, “ಸೋಮವಾರ ಹನ್ನೊಂದರಿಂದ ಹನ್ನೆರಡು ನಿನ್ನಿಷ್ಟ. ಜನ ಉಳಿದ್ರೆ ನೀನೂ ಉಳೀತೀಯ, ಇಲ್ಲದಿದ್ರೆ ವಾಪಸ್ ಬರೆಯೋ ಮೇಜಿಗೆ,” ಅಂದರು. ತಿಂಗಳ ಹಿಂದಾಗಿದ್ದರೆ ಆ ಮೇಜೇ ಸಾಕು ಅನ್ನುತ್ತಿದ್ದೆ. ಈಗ ಅನ್ನಲಾರೆ.

ಸೋಮವಾರ ಹನ್ನೊಂದಕ್ಕೆ ಗುಂಡಿಗಳ ಡಬ್ಬಿ ತೆರೆದಿಡಿ. ಆ ಇಬ್ಬರು ಕೆಲಸಗಾರರ ಕಿವಿಯಿಂದಲೂ ಇಯರ್‌ಫೋನ್ ಕೀಳಿಸಿ. ನಾನು ಹಾಡಿನ ಹೆಸರು ಹೇಳಿ ಸುಮ್ಮನಾಗುತ್ತೇನೆ. ಈ ಸಲ ನಿಜವಾಗಿಯೂ ನಿಮಗೋಸ್ಕರವೇ, ದೊಡ್ಡಮ್ಮನಿಗೆ ಹಾಗೆಂದು ಧೈರ್ಯವಾಗಿ ಹೇಳಿ. ದಾರ ಸೇರದಿದ್ದರೆ ಫೋನ್ ಮಾಡಿ ಬೈಯಿರಿ. ಎತ್ತಿಕೊಳ್ಳುವವಳು ನಾನೇ. ಆದರೆ ಸಾರ್ ಅನ್ನುವುದಿಲ್ಲ.

ನಿಮ್ಮ ಕಣ್ಣು ಚುರುಕಾಗಿರಲಿ, ದಾರ ಒಂದೇ ಸಲಕ್ಕೆ ಸೇರಲಿ.

ಎಡತೋಳಿಗೆ ಕ್ಷಮೆ ಬೇಡುತ್ತಾ,
ಹನ್ನೊಂದು ಗಂಟೆಯ ಆ ಹುಡುಗಿ,
ನಿಮ್ಮ ಮೌನಿ