ಮುಂದಿನ ಊರಿನಲ್ಲಿ ನೋಡೋಣ

ಮಾರ್ಚ್ ೧೪

ಪ್ರೀತಿಯ ಬೋಲ್ಟುಗೆ,

ಅಪ್ಪನ ಆಶೀರ್ವಾದ. ನಿನ್ನ ಪತ್ರ ಬಂದು ಎರಡು ತಿಂಗಳ ಮೇಲಾಯಿತು. ಉತ್ತರ ಬರೆಯಲಿಲ್ಲ ಅಂತ ನಿನಗೆ ಕೋಪ ಬಂದಿರುತ್ತದೆ, ಬರಲಿ. ಕನ್ನಡಕ ಒಡೆದಿತ್ತು, ಜ್ವರ ಬಂದಿತ್ತು ಅಂತ ಸಬೂಬು ಹೇಳಬಹುದಿತ್ತು. ಆದರೆ ನನ್ನ ಸಬೂಬುಗಳೆಲ್ಲ ನಿನಗೆ ಬಾಯಿಪಾಠ. ಬರೆಯಲು ಕೂತಾಗಲೆಲ್ಲ ಕೈ ಓಡಲಿಲ್ಲ, ಅಷ್ಟೇ.

ನಾನು ಕೆಲಸ ಬಿಟ್ಟು ಈ ಮನೆಗೆ ಬಂದು ಮೂರು ವರ್ಷವಾಯಿತು ನೋಡು. ನಿನ್ನಮ್ಮ ಇನ್ನೂ ಗೋಡೆಗೆ ಒಂದು ಮೊಳೆ ಹೊಡೆಯಲು ಬಿಟ್ಟಿಲ್ಲ. "ಹೋಗೋವಾಗ ಮತ್ತೆ ಕೀಳೋದ್ಯಾಕೆ?" ಅನ್ನುತ್ತಾಳೆ. ಎಲ್ಲಿಗೂ ಹೋಗುವುದಿಲ್ಲ ಮಾರಾಯ್ತಿ ಅಂದರೆ ನಂಬಿಕೆಯಿಲ್ಲ. ಮೊನ್ನೆ ಅಂಗಡಿಯವನು, "ಏನ್ ಸಾರ್, ಎರಡು ದಿನದಿಂದ ಈ ಕಡೆ ಕಾಣ್ಲೇ ಇಲ್ಲ?" ಅಂತ ಕೇಳಿದ. ಇಷ್ಟು ವರ್ಷದ ಬದುಕಿನಲ್ಲಿ, ನಾನು ಕಾಣಲಿಲ್ಲ ಅಂತ ಒಬ್ಬರು ಗಮನಿಸಿದ್ದು ಅದೇ ಮೊದಲು. ಮನೆಗೆ ಬಂದು ಅಮ್ಮನಿಗೆ ಎರಡೆರಡು ಸಲ ಹೇಳಿದೆ.

ಇರಲಿ, ಸುತ್ತಿ ಬಳಸುವುದು ಸಾಕು. ನಿನ್ನ ಎಡಗಿವಿ ಯಾವಾಗಿನಿಂದ ಕೇಳಿಸುತ್ತಿಲ್ಲ, ಚಿಕ್ಕಂದಿನಲ್ಲಿ ಯಾರಾದರೂ ಹೇಳಿದ್ದರಾ, ಆಪರೇಷನ್ನಿಗೆ ಮುಂಚೆ ಡಾಕ್ಟರಿಗೆ ತಿಳಿಯಬೇಕಂತೆ ಅಂತ ಬರೆದಿದ್ದೀಯ.

ನಮ್ಮ ಬದುಕು ನಿನಗೆ ಗೊತ್ತೇ ಇದೆ. ರೈಲ್ವೆ ಸೇತುವೆಯ ತುಕ್ಕು ಕೆರೆಯಬೇಕು, ಎರಡು ಕೋಟು ಕೆಂಪು ಬಣ್ಣ ಬಳಿಯಬೇಕು, ಅದರ ಮೇಲೆ ಎರಡು ಕೋಟು ಬೂದು. ಅದು ಒಣಗುವಷ್ಟರಲ್ಲಿ ಮುಂದಿನ ಸೇತುವೆಗೆ ಕರೆ ಬರುತ್ತಿತ್ತು, ನಾವು ಗಂಟುಮೂಟೆ ಕಟ್ಟುತ್ತಿದ್ದೆವು. ಕೆಲಸಕ್ಕೆ ಹತ್ತಿರ ಅಂತ ಬಾಡಿಗೆ ಕೋಣೆಯೂ ಹಳಿಯ ಪಕ್ಕದಲ್ಲೇ. ರೈಲು ಹೋದರೆ ತಟ್ಟೆ ಲೋಟ ಕುಣಿಯುತ್ತಿದ್ದವು. ನಾನೋ ದಿನವಿಡೀ ಕಬ್ಬಿಣ ಬಡಿದು ಕಿವಿ ಗುಂಯ್ ಅನ್ನಿಸಿಕೊಂಡು ಬರುತ್ತಿದ್ದೆ. ಹಾಗಾಗಿ ಮೂವರೂ ಕಿರುಚಿಯೇ ಮಾತಾಡುತ್ತಿದ್ದೆವು. "ಮೇಸ್ತ್ರಿ ಮನೆ ಜಗಳ ನದಿ ಆ ದಡಕ್ಕೂ ಕೇಳುತ್ತೆ" ಅಂತ ನನ್ನ ಜೊತೆಯವರು ನಗುತ್ತಿದ್ದರು. ನಾವು ಮೊದಲು ಯಾರು ಸ್ನಾನಕ್ಕೆ ಹೋಗಬೇಕು ಅಂತ ಮಾತಾಡಿಕೊಳ್ಳುತ್ತಿದ್ದೆವು, ಅಷ್ಟೇ. ಅಂಥ ಮನೆಯಲ್ಲಿ ನೀನು "ಆಂ?" ಅಂದರೆ ಯಾರಿಗೆ ಅನುಮಾನ ಬರುತ್ತದೆ?

ಶಾಲೆ ಎಂಟು ಬದಲಾಯಿತು. ಪ್ರತಿ ಶಾಲೆಯವರೂ ವರದಿಯಲ್ಲಿ ಒಂದೇ ಮಾತು ಬರೆದರು: ಹೊಸ ಹುಡುಗಿ, ಸಂಕೋಚ ಜಾಸ್ತಿ, ಕರೆದರೆ ಓಗೊಡುವುದಿಲ್ಲ. ನೀನು ಹಳಬಳಾಗುವಷ್ಟು ದಿನ ನಾವು ಎಲ್ಲೂ ನಿಲ್ಲಲಿಲ್ಲ. ನಿನ್ನ ಪತ್ರ ಬಂದ ದಿನ ಅಮ್ಮ ಆ ವರದಿಗಳನ್ನೆಲ್ಲ ತೆಗೆದು ಓದಿದಳು. "ಇಷ್ಟು ಜನ ಬರ್ದಿದ್ದಾರೆ, ಹೆತ್ತವಳಿಗೆ ಗೊತ್ತಾಗ್ಲಿಲ್ವಲ್ರೀ" ಅಂದಳು. ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಪಕ್ಕದ ಮನೆಯ ಟೈಲರಮ್ಮನ ಹತ್ತಿರವೂ ಅದೇ ಮಾತು, ನಾನೆಂಥ ತಾಯಿ ಅಂತ.

ನಿಜ ಹೇಳುತ್ತೇನೆ, ಆ ಅಲೆದಾಟ ನನಗೆ ಇಷ್ಟವಾಗಿತ್ತು. ಕಮಾನಿನ ತುದಿಯಲ್ಲಿ ನಿಂತರೆ ಕೆಳಗೆ ಇಡೀ ನದಿ. ನನ್ನ ಮಗಳು ಹತ್ತು ವರ್ಷಕ್ಕೇ ಹದಿನಾಲ್ಕು ನದಿ ನೋಡಿದ್ದಾಳೆ ಅಂತ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಯಾವ ಊರಮ್ಮ ನಿಮ್ಮದು ಅಂತ ಯಾರಾದರೂ ಕೇಳಿದರೆ ನೀನು ನನ್ನ ಮುಖ ನೋಡುತ್ತಿದ್ದೆ. ನಾನು ನಕ್ಕುಬಿಡುತ್ತಿದ್ದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಕಿವಿಯ ವಿಷಯ ನಮಗಿಬ್ಬರಿಗೂ ಗೊತ್ತಾಗಲಿಲ್ಲ. ಯಾವಾಗಿನಿಂದ ಅಂತ ತಿಳಿಯದು ಅಂತಲೇ ಡಾಕ್ಟರಿಗೆ ಹೇಳು. ಆಪರೇಷನ್ನಿಗೆ ಇಬ್ಬರೂ ಬರುತ್ತೇವೆ. ಧೈರ್ಯವಾಗಿರು ಕಂದ, ಎಲ್ಲ ಒಳ್ಳೆಯದಾಗಲಿ, ಚೆನ್ನಾಗಿ ಬಾಳು.

ನಿನ್ನ
ಅಪ್ಪ

ತಾ.ಕ.: ಮೇಲಿನದನ್ನು ಬರೆದು ನಾಲ್ಕು ದಿನವಾಯಿತು. ಅಂಚೆ ಡಬ್ಬಿಯವರೆಗೂ ಹೋಗಿ ಎರಡು ಸಲ ವಾಪಸ್ ಬಂದೆ. ಗೊತ್ತಾಗಲಿಲ್ಲ ಅಂತ ಬರೆದದ್ದು ಸುಳ್ಳು.

ನಿನ್ನ ಐದನೇ ಶಾಲೆಯ ಲೆಕ್ಕದ ಮೇಡಂ ಒಂದು ಮಧ್ಯಾಹ್ನ ಸೇತುವೆಯ ಹತ್ತಿರ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಕೈಯೆಲ್ಲ ಕೆಂಪು ಬಣ್ಣ ಮಾಡಿಕೊಂಡು ಕೆಳಗಿಳಿದೆ. "ನಿಮ್ಮ ಮಗಳಿಗೆ ಸಂಕೋಚ ಅಲ್ಲ, ಎಡಗಿವಿ ಕೇಳಿಸ್ತಿಲ್ಲ. ಹಿಂದೆ ನಿಂತು ಕೂಗಿ ನೋಡಿದೀನಿ. ನಮ್ಮಣ್ಣನ ಮಗೂಗೂ ಹೀಗೇ ಆಗಿತ್ತು, ಬೇಗ ತೋರಿಸಿದ್ದಕ್ಕೆ ಕಿವಿ ಉಳೀತು. ಈ ವಾರವೇ ಕರ್ಕೊಂಡು ಹೋಗಿ" ಅಂದರು. ಆಗ ನಿನಗೆ ಒಂಬತ್ತು. ನಾವು ಶನಿವಾರ ಊರು ಬಿಡಬೇಕಿತ್ತು. ಆಗಲಿ ಅಂದೆ. ಮುಂದಿನ ಊರಿನಲ್ಲಿ ನೋಡೋಣ ಅಂದುಕೊಂಡೆ. ಅಲ್ಲಿಗೆ ಹೋದ ಮೇಲೆ ಅದರ ಮುಂದಿನ ಊರಿನಲ್ಲಿ ಅಂದುಕೊಂಡೆ. ಆಮೇಲೆ, ಇಷ್ಟು ದಿನ ಏನು ಮಾಡುತ್ತಿದ್ದೆ ಅಂತ ಕೇಳುತ್ತಾರಲ್ಲ ಅನ್ನುವ ಭಯಕ್ಕೆ ಬಾಯಿಯೇ ಬಿಡಲಿಲ್ಲ. ಅಮ್ಮನಿಗೆ ಹೇಳಿದ್ದರೆ ಅವಳು ಅಲ್ಲೇ ಕಾಲೂರಿ ನಿಂತುಬಿಡುತ್ತಿದ್ದಳು. ಅದು ಗೊತ್ತಿದ್ದೇ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಅವಳಿಗೆ ಹೇಳಿದೆ. ಬೈಯಲಿಲ್ಲ. "ಎರಡು ತಿಂಗಳಿಂದ ನನ್ನನ್ನ ನಾನೇ ಬೈಕೊಳ್ತಿದ್ದೀನಿ. ನೀವು ಎದುರಿಗೇ ಕೂತು ಕೇಳ್ತಿದ್ರಲ್ಲ?" ಅಂದಳು. ಹೌದು, ಕೂತು ಕೇಳುತ್ತಿದ್ದೆ.

ಆಪರೇಷನ್ನಿಗೆ ಅವಳು ಬರುತ್ತಾಳೆ. ನಾನು ಬರಬೇಕೋ ಬೇಡವೋ ನೀನೇ ಹೇಳು. ತಿಳಿಯದು ಅಂತ ಡಾಕ್ಟರಿಗೆ ಹೇಳಬೇಡ, ಒಂಬತ್ತನೇ ವಯಸ್ಸಿನಲ್ಲೇ ಇತ್ತು ಅಂತ ಹೇಳು. ಹೇಗೆ ಗೊತ್ತು ಅಂತ ಕೇಳಿದರೆ, ನಮ್ಮಪ್ಪನಿಗೆ ಆಗಲೇ ಗೊತ್ತಿತ್ತು ಅನ್ನು.