ಕೋಟಿನ ಚೀಟಿ ಕತ್ತರಿಸಿದವರು

ಶನಿವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಫೋನ್ ಎತ್ತದ ಮಗಳಿಗೆ ಕಾಗದವೇ ಗತಿ. ಚಿಕ್ಕಮ್ಮನ ಮನೆಯಲ್ಲಿ ಊಟ ಬಿಟ್ಟು ಕೂತಿದ್ದೀಯಂತೆ. ಮೊದಲು ಉಣ್ಣು. ಸೋಮವಾರ ಠಾಣೆಯಲ್ಲಿ ಹೇಳಿಕೆ ಕೊಡುವಾಗ ನಿನ್ನ ಹೊಟ್ಟೆ ಗುರ್ ಎಂದರೆ ಮರ್ಯಾದೆ ಹೋಗುವುದು ನನ್ನದು.

ವಕೀಲರನ್ನು ಕಂಡು ಬಂದೆ. ಅವರ ಕಾಲರಿಗೆ ಗಂಜಿ ಸಾಲದು, ಬುದ್ಧಿಗೇನೂ ಕೊರತೆಯಿಲ್ಲ. "ಹೊರಗಿನವರು ಕದ್ರೆ ಒಂದು ಲೆಕ್ಕ, ನಂಬಿ ಬೀಗದಕೈ ಕೊಟ್ಟ ನೌಕರರು ಕದ್ರೆ ಬೇರೆ ಲೆಕ್ಕ. ಶಿಕ್ಷೆ ಜಾಸ್ತಿ ಕಣಮ್ಮ," ಎಂದರು. ಬಟ್ಟೆ ಅಂಗಡಿಯ ಉಗ್ರಾಣ ನೋಡಿಕೊಳ್ಳುವ ನೀನು ಎರಡನೆಯ ಲೆಕ್ಕಕ್ಕೆ ಸೇರಿದವಳು.

"ಬೇರೆ ಕೆಲಸದ ಸಂದರ್ಶನಕ್ಕೆ ಹಾಕ್ಕೊಂಡು, ಮಾರನೇ ದಿನ ವಾಪಸ್ ಇಡೋಕೆ ಅಂತಲೇ ಉಗ್ರಾಣದಿಂದ ಆ ಕೋಟು ತಂದಿದ್ಲು," ಎಂದೆ. ಕೇಳದೆ ತಂದದ್ದು ತಪ್ಪೇ. ಆದರೆ ಮರಳಿಸಲು ತಂದದ್ದಕ್ಕೂ ಇಟ್ಟುಕೊಳ್ಳಲು ತಂದದ್ದಕ್ಕೂ ಅಜಗಜಾಂತರ, ಕಾನೂನು ಮನಸ್ಸಿನ ಒಳಗೂ ಇಣುಕುತ್ತದೆ ಎಂದರು. "ಹಾಗಾದ್ರೆ ಅಂಗಡಿ ಚೀಟಿ ಯಾಕೆ ಕತ್ತರಿಸಿದ್ಲು? ತಾನೇ ಕತ್ತರಿಸಿದ್ದು ಅಂತ ಅಂಗಡಿ ಗೇಟಿನ ಕಾವಲಿನವನ ಹತ್ರ ಒಪ್ಕೊಂಡಿದ್ದಾಳಲ್ಲ?" ಎಂದು ಕೇಳಿದರು.

ಕತ್ತೆ. ನನ್ನನ್ನು ಉಳಿಸಲು ಹೋಗಿ ನಿನ್ನ ಕುತ್ತಿಗೆಗೆ ನೀನೇ ತಂದುಕೊಂಡೆ. ಕತ್ತರಿಸಿದ್ದು ನಾನು. ನೀನು ಮಲಗಿದ್ದಾಗ ಕೋಟಿನ ಮೇಲೆ ಕಾಫಿ ಕಲೆ ಕಂಡು ಒಗೆದೆ. ಲಾಂಡ್ರಿಗೆ ಬಂದ ಬಟ್ಟೆಯಲ್ಲಿ ಬೇರೆ ಚೀಟಿ ಕಂಡರೆ ಕತ್ತರಿಸಿ, ನಮ್ಮ ನಂಬರಿನ ಪಟ್ಟಿ ಹೊಲಿಯುವುದು ಇಪ್ಪತ್ತು ವರ್ಷದ ಅಭ್ಯಾಸ. ಕೈ ತನ್ನ ಕೆಲಸ ತಾನು ಮಾಡಿತು. ಮಡಚಿ ನಿನ್ನ ಚೀಲದಲ್ಲಿಟ್ಟೆ, ನೀನು ಬಿಚ್ಚಿ ನೋಡದೆ ವಾಪಸ್ ಇಡಲು ಒಯ್ದು ಗೇಟಿನಲ್ಲಿ ಸಿಕ್ಕಿಬಿದ್ದೆ.

ಸೋಮವಾರ ಇದಿಷ್ಟನ್ನೇ ಹೇಳು. ಹೆಚ್ಚು ಬೇಡ, ಕಡಿಮೆಯೂ ಬೇಡ. ಕೆಲಸ ಹೋಗಬಹುದು, ಹೋಗಲಿ, ಇಸ್ತ್ರಿ ಪೆಟ್ಟಿಗೆ ಇಲ್ಲೇ ಇದೆ. ಕಳ್ಳಿ ಎಂಬ ಹೆಸರು ಮಾತ್ರ ನಿನ್ನ ಮೇಲೆ ಬರಕೂಡದು. ಬರುವುದಿಲ್ಲ, ನನಗೆ ನಂಬಿಕೆಯಿದೆ.

ಬಿಸಿಬಿಸಿಯಾಗಿ ಉಂಡು ಮಲಗು.

ಇಂತಿ,
ನಿನ್ನನ್ನು ಬೈಯುವ ಹಕ್ಕುಳ್ಳ
ಅಮ್ಮ

ತಾ.ಕ.: ಅಭ್ಯಾಸ ಎಂದು ಬರೆದೆನಲ್ಲ, ಅದು ಸುಳ್ಳು. ಆ ಕೋಟು ಅಂಗಡಿಯದ್ದೆಂದು ನನಗೆ ಗೊತ್ತಿತ್ತು. ಅದನ್ನು ಹಾಕಿಕೊಂಡು ನೀನು ಕನ್ನಡಿ ಮುಂದೆ ನಿಂತದ್ದು ನೋಡಿದ್ದೆ. ಇವಳಿಗೇ ಇರಲಿ ಅನ್ನಿಸಿತು. ಬೆಳಿಗ್ಗೆಯೇ ಠಾಣೆಗೆ ಹೋಗಿ, ಬೇಕೆಂದೇ ಕತ್ತರಿಸಿದೆ ಎಂದು ಬರೆಸಿ ಸಹಿ ಹಾಕಿ ಬಂದಿದ್ದೇನೆ. ಅಂಗಡಿಯ ನೌಕರಿಯಲ್ಲಿಲ್ಲದ ನನಗೆ ಶಿಕ್ಷೆ ಕಡಿಮೆಯಂತೆ, ವಿಚಾರಿಸಿಕೊಂಡೇ ಹೋದೆ.